ಚೈತ್ರದ ಹಿತ್ತಲಿನಲ್ಲಿ ಮೊಮ್ಮಗಳೊಡನೆ

ಕಾವ್ಯಗಳಲ್ಲಿ ವರ್ಣಿತವಾಗಿರುವ ವಸಂತ ಬಹು ಮೃದುವಾದುದು. ಅಲ್ಲಿ ತಂಗಾಳಿ ಬೀಸುತ್ತದೆ, ಮಾವು ಚಿಗುರುತ್ತದೆ, ಕೋಗಿಲೆ ಉಲಿಯುತ್ತದೆ. ನಮ್ಮ ಹಾವೇರಿ ಸೀಮೆಯ ವಸಂತಕ್ಕೆ ಇಷ್ಟು ನಯ ನಾಜೂಕು ಇಲ್ಲ. ಹತ್ತಿ ಕಿತ್ತ ಎರೆಹೊಲಗಳು ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತವೆ. ಮುತ್ತುಗದ ಕೆಂಪು ಹೂ ಅರಳಿ ಉದುರಿ ಹೋಗಿರುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ಬೀದಿಯಲ್ಲಿ ಜನಸಂಚಾರ ವಿರಳವಾಗುತ್ತದೆ. ಆದರೂ ಇದೇ ಬಿರುಬಿಸಿಲಿನಲ್ಲಿ, ಮಳೆಯ ಹನಿಯೊಂದೂ ಬೀಳದಿರುವಾಗಲೇ, ಹೊಂಗೆ ಹೊಸ ಎಲೆಗಳನ್ನು ಹೊದ್ದು ಮಿಂಚುತ್ತದೆ. ಬೇವು ಹೂ ತಳೆದು ಅಂಗಳವನ್ನೆಲ್ಲ ಘಮಘಮಿಸುತ್ತದೆ. ಅಶ್ವತ್ಥವು ತಾಮ್ರವರ್ಣದ ತಳಿರನ್ನು ತೊಡುತ್ತದೆ. ಮಳೆ ಬಂದ ಮೇಲೆ ಚಿಗುರುವುದು ಹುಲ್ಲಿನ ಸ್ವಭಾವ. ಮಳೆಗೆ ಮುಂಚೆಯೇ ಚಿಗುರುವುದು ಆಳಕ್ಕೆ ಬೇರಿಳಿಸಿದ ಮರದ ಸ್ವಭಾವ. ನಂಬಿಕೆ ಎಂಬುದರ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಗ್ರಂಥವನ್ನು ನಾನು ಕಂಡಿಲ್ಲ.

ಚೈತ್ರ ವೈಶಾಖಗಳು ನಮ್ಮ ಸಮಾಜದ ಮನೆಗಳಿಗೆ ಹಬ್ಬಗಳ ತಿಂಗಳುಗಳೂ ಹೌದು. ಯುಗಾದಿಯ ದಿನ ಬೇವಿನ ಹೂ, ಬೆಲ್ಲ, ಮಾವಿನಕಾಯಿ, ಪುಟಾಣಿ ಹಿಟ್ಟು ಕೂಡಿಸಿದ ಬೇವನ್ನು ಕುಡಿದು ವರ್ಷ ಆರಂಭಿಸುತ್ತೇವೆ. ದವನದ ಹುಣ್ಣಿಮೆಗೆ ಅಕ್ಕಮಹಾದೇವಿಯ ಜಯಂತಿ. ವೈಶಾಖ ಶುದ್ಧ ತದಿಗೆಗೆ ಅಣ್ಣ ಬಸವಣ್ಣನವರ ಜಯಂತಿ. ಶಾಲೆಗಳಿಗೆ ರಜೆಯೂ ಇದೇ ಅವಧಿಯಲ್ಲಿ ಬರುವುದರಿಂದ ಅಜ್ಜ ಅಜ್ಜಿಯರ ಮನೆಗಳು ಮಕ್ಕಳಿಂದ ತುಂಬುತ್ತವೆ. 2024ರ ಏಪ್ರಿಲ್ 9ರಂದು ಕ್ರೋಧಿನಾಮ ಸಂವತ್ಸರದ ಯುಗಾದಿ ಬಂದಿತು. ಅದಾದ ಕೆಲವೇ ದಿನಗಳಲ್ಲಿ ರಾಣೇಬೆನ್ನೂರಿನಿಂದ ನನ್ನ ಮಗಳ ಮಗಳು, ಎಂಟು ವರ್ಷದವಳು, ರಜೆ ಕಳೆಯಲು ಹಾವೇರಿಯ ನಮ್ಮ ಮನೆಗೆ ಬಂದಳು.

ಆ ವರ್ಷದ ಬೇಸಿಗೆ ಸಾಮಾನ್ಯವಾದುದಾಗಿರಲಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಭಾಗ ಬರಕ್ಕೆ ತುತ್ತಾಗಿತ್ತು. ಕೊಳವೆಬಾವಿಗಳು ಬತ್ತುತ್ತಿದ್ದವು, ನಲ್ಲಿಯ ನೀರನ್ನು ಕಾದು ಕುಳಿತು ಹಿಡಿದಿಡಬೇಕಾಗಿತ್ತು. ನಮ್ಮ ಮನೆಯಲ್ಲಿ ಮತ್ತೊಂದು ಬರಿದುತನವೂ ಇತ್ತು. ಹಿಂದಿನ ಕಾರ್ತಿಕದಲ್ಲಿ ನನ್ನ ಧರ್ಮಪತ್ನಿ ಲಿಂಗೈಕ್ಯಳಾಗಿದ್ದಳು. ಹಿತ್ತಲು ಆಕೆಯದು. ಮಲ್ಲಿಗೆಯ ಚಪ್ಪರ, ಕರಿಬೇವು, ಲಿಂಬೆ, ಕಣಗಿಲೆ, ಬಚ್ಚಲ ಬಳಿಯ ತುಂಬೆ, ಮೂಲೆಯ ಬಿಲ್ವ, ಎಲ್ಲವೂ ಆಕೆ ಹಚ್ಚಿ ಬೆಳೆಸಿದವು. ಪೂಜೆಗೆ ಪತ್ರೆ ಪುಷ್ಪಗಳನ್ನು ತಟ್ಟೆಯಲ್ಲಿ ಇಟ್ಟು ತರುತ್ತಿದ್ದುದು ಆಕೆ. ನಾನು ಪೂಜೆಗೆ ಕುಳಿತುಕೊಳ್ಳುವವನು. ಮಾಘದಲ್ಲಿ ಮಗಳು ಬಂದಾಗ ಮಲ್ಲಿಗೆಯ ಹಳೆಯ ಕೊಂಬೆಗಳನ್ನು ಸವರಿ ಹೋಗಿದ್ದಳು. ಮಲ್ಲಿಗೆ ಹೂ ಬಿಡುವುದು ಹೊಸ ಕುಡಿಗಳಲ್ಲಿ. ಚಳಿಗಾಲದ ಕೊನೆಗೆ ಸವರದಿದ್ದರೆ ಬೇಸಿಗೆಯಲ್ಲಿ ಮೊಗ್ಗು ಕಡಿಮೆ. ಈ ಗುಟ್ಟು ಆಕೆಗೆ ತಾಯಿಯಿಂದ ಬಂದದ್ದು.

ಬಂದ ಮರುದಿನವೇ ಮೊಮ್ಮಗಳು ಹಿತ್ತಲಿಗೆ ಹೋಗಿ ಓಡುತ್ತ ಒಳಗೆ ಬಂದಳು. “ಅಜ್ಜಾ, ಪತ್ರಿ ಗಿಡ ಸತ್ತೈತಿ. ಒಂದ್ ಎಲಿ ಇಲ್ಲ” ಎಂದು ಅಳುಮುಖ ಮಾಡಿದಳು. ಹೋಗಿ ನೋಡಿದರೆ ಬಿಲ್ವವು ಎಲೆಯನ್ನೆಲ್ಲ ಉದುರಿಸಿ ಮುಳ್ಳುಗಳನ್ನು ತೋರುತ್ತ ನಿಂತಿತ್ತು. ಬಿಲ್ವಕ್ಕೆ ಅದು ಪ್ರತಿ ವರ್ಷದ ಪದ್ಧತಿ. ಬೇಸಿಗೆಯಲ್ಲಿ ಎಲೆ ಕಳಚಿ ಕೆಲವು ವಾರ ಬರಿದಾಗಿ ನಿಂತು, ಅನಂತರ ಹೊಸ ತಳಿರು ತಳೆಯುತ್ತದೆ. ಬಾಯಲ್ಲಿ ಹೇಳಿದರೆ ಮಗು ನಂಬೀತೇ? ಅವಳ ಉಗುರಿನಿಂದಲೇ ಒಂದು ಸಣ್ಣ ಟೊಂಗೆಯ ಸಿಪ್ಪೆಯನ್ನು ತುಸು ಕೆರೆಸಿದೆ. ಬೂದು ಬಣ್ಣದ ಸಿಪ್ಪೆಯ ಕೆಳಗೆ ಎಳೆ ಹಸಿರು ಕಂಡಿತು. ಮೂಸಿ ನೋಡು ಎಂದೆ. ಬಿಲ್ವದ ಕಂಪು! “ಒಳಗ ಜೀವ ಐತಿ” ಎಂದು ಅವಳೇ ತೀರ್ಪು ಕೊಟ್ಟಳು. ಅಂದಿನಿಂದ ಆ ಗಿಡದ ಬುಡಕ್ಕೆ ಸಂಜೆ ಒಂದು ತಂಬಿಗೆ ನೀರು ಹಾಕುವ ಕಾಯಕವನ್ನು ಯಾರೂ ಹೇಳದೆ ತಾನೇ ವಹಿಸಿಕೊಂಡಳು.

ನೀರಿನ ವಿಷಯದಲ್ಲಿ ನಾವಿಬ್ಬರೂ ಒಂದು ಕಟ್ಟಳೆ ಮಾಡಿಕೊಂಡೆವು. ಕುಡಿಯುವ ನೀರಿನಿಂದ ಗಿಡಕ್ಕೆ ಪಾಲಿಲ್ಲ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಒಂದು ಕೊಡದಲ್ಲಿ ಸೇರಬೇಕು. ಲಿಂಗಕ್ಕೆ ಮಜ್ಜನ ಮಾಡಿದ ನೀರು ಪ್ರಸಾದವಾಗಿ ಸ್ವೀಕರಿಸಿ ಉಳಿದರೆ ಬಿಲ್ವದ ಬುಡಕ್ಕೆ ಸಲ್ಲಬೇಕು. ಸಾಬೂನು ಬೆರೆತ ನೀರು ಯಾವ ಗಿಡಕ್ಕೂ ಬೇಡ. ಬಿಸಿಲು ಇಳಿದ ಮೇಲೆ ನೀರುಣಿಸಿ, ಬುಡಕ್ಕೆ ಒಣ ಎಲೆಗಳನ್ನು ಹೊದಿಸಬೇಕು. ಲಿಂಬೆಯ ಸಸಿಯ ಬಳಿ ಹಳೆಯ ಮಣ್ಣಿನ ಗಡಿಗೆಯೊಂದನ್ನು ಕಂಠದವರೆಗೆ ಹೂತು, ತಳದಲ್ಲಿ ಸಣ್ಣ ತೂತು ಮಾಡಿ ಅರಿವೆಯ ಬತ್ತಿ ತುರುಕಿದೆವು. ಒಮ್ಮೆ ತುಂಬಿಸಿ ಬಾಯಿ ಮುಚ್ಚಿದರೆ ನೀರು ಹನಿಹನಿಯಾಗಿ ಬೇರಿಗೆ ಇಳಿಯುತ್ತದೆ. “ಗಡಿಗಿ ಗಿಡಕ್ಕ ಹಾಲು ಕುಡಸ್ತೈತಿ” ಎಂದು ಅವಳು ಕೇರಿಯ ಗೆಳತಿಯರನ್ನೆಲ್ಲ ಕರೆತಂದು ತೋರಿಸಿದಳು.

ನಾನು ಮಠದಲ್ಲಿ ಓದುತ್ತಿದ್ದ ಬಾಲ್ಯದಲ್ಲಿ ನಸುಕಿನ ಪತ್ರೆ ಕೊಯ್ಯುವ ಸರದಿ ವಟುಗಳಿಗೆ ಇರುತ್ತಿತ್ತು. ಹಿರಿಯ ಪೂಜ್ಯರು ಅದಕ್ಕೆ ಕೆಲವು ನಿಯಮಗಳನ್ನು ವಿಧಿಸಿದ್ದರು. ಒಂದೇ ಟೊಂಗೆಯನ್ನು ಬೋಳು ಮಾಡಬಾರದು. ಕೊಂಬೆಯನ್ನು ಎಳೆದು ಮುರಿಯಬಾರದು. ಹೊತ್ತು ಮುಳುಗಿದ ಮೇಲೆ ಗಿಡವನ್ನು ಮುಟ್ಟಬಾರದು. ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ತರಬೇಕು; ಬುಟ್ಟಿ ತುಂಬ ತಂದವನಿಗೆ ಮೆಚ್ಚುಗೆಯ ಬದಲು ಗದರಿಕೆ ಸಿಗುತ್ತಿತ್ತು. ಆಗ ಇವೆಲ್ಲ ಪೂಜೆಯ ಮಡಿವಂತಿಕೆಯ ಮಾತುಗಳೆಂದು ತೋರುತ್ತಿದ್ದವು. ಮೊಮ್ಮಗಳಿಗೆ ಒಂದೊಂದಾಗಿ ಹೇಳುತ್ತ ಹೋದಾಗ ಅವು ಗಿಡದ ಪಕ್ಷ ವಹಿಸಿ ಮಾಡಿದ ನಿಯಮಗಳೆಂಬುದು ಸ್ಪಷ್ಟವಾಯಿತು. ಕೊಡುವವನ ಕಡೆಯಿಂದ ಯೋಚಿಸದೆ ಪಡೆಯಬಾರದು ಎಂಬುದೇ ಅವುಗಳ ತಿರುಳು. ದಾಸೋಹದ ಮರ್ಮವೂ ಇದಕ್ಕಿಂತ ಬೇರೆಯಲ್ಲ.

ಹಾವೇರಿಯನ್ನು ಏಲಕ್ಕಿ ಕಂಪಿನ ನಾಡೆಂದು ಕರೆಯುವುದನ್ನು ಅವಳು ಶಾಲೆಯಲ್ಲಿ ಕೇಳಿದ್ದಳು. ಆದ್ದರಿಂದ ಹಿತ್ತಲಿನಲ್ಲಿ ಏಲಕ್ಕಿ ಹಚ್ಚಬೇಕೆಂದು ಹಟ ಹಿಡಿದಳು. ಏಲಕ್ಕಿ ಮಲೆನಾಡಿನ ದಟ್ಟ ನೆರಳು, ತಂಪು, ಮಳೆಗಳನ್ನು ಬೇಡುವ ಬೆಳೆ. ನಮ್ಮೂರು ಅದನ್ನು ತರಿಸಿ, ಹಸನುಮಾಡಿ, ಮಾಲೆಯಾಗಿ ಪೋಣಿಸುವ ಕೈಗಳ ಊರು ಎಂದು ತಿಳಿಸಿದೆ. ಸಭೆ ಸಮಾರಂಭಗಳಲ್ಲಿ ಗಣ್ಯರ ಕೊರಳಿಗೆ ಬೀಳುವ ಏಲಕ್ಕಿ ಹಾರದ ಹಿರಿಮೆ ಬೆಳೆದ ನೆಲದಷ್ಟೇ ಕಟ್ಟಿದ ಕುಶಲತೆಯದು ಕೂಡ. “ಹಂಗಾದ್ರ ನಮ್ಮ ಮಣ್ಣಾಗ ಬರೂದು ಏನು?” ಎಂಬುದು ಮುಂದಿನ ಪ್ರಶ್ನೆ.

ಅದಕ್ಕೆ ಉತ್ತರ ಬ್ಯಾಡಗಿಯ ಬಂಧುಗಳ ಮನೆಯಲ್ಲಿ ದೊರೆಯಿತು. ಅಲ್ಲಿಗೆ ಹೋದ ದಿನ ಮಾರುಕಟ್ಟೆಯ ಕಡೆಯಿಂದ ಬರುವ ಗಾಳಿಯಲ್ಲೇ ಮೆಣಸಿನಕಾಯಿಯ ವಾಸನೆ ತುಂಬಿತ್ತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಅದರಲ್ಲಿ ಎರಡು ಬಗೆ: ಗಿಡ್ಡಗೆ ದುಂಡಾಗಿರುವ ಡಬ್ಬಿ, ಉದ್ದಕ್ಕೆ ತೆಳ್ಳಗಿರುವ ಕಡ್ಡಿ. ಎರಡರ ಸಿಪ್ಪೆಯೂ ಸುಕ್ಕುಸುಕ್ಕು, ಬಣ್ಣ ಕಡುಗೆಂಪು, ಖಾರ ಮಾತ್ರ ಮಿತ. ಇದರಿಂದ ತೆಗೆಯುವ ಬಣ್ಣದ ಸತ್ವ ಆಹಾರ ಪದಾರ್ಥಗಳಿಗೂ ಸೌಂದರ್ಯಸಾಧನಗಳಿಗೂ ಬಳಕೆಯಾಗುತ್ತದೆ. ಬಂಧುಗಳ ಮನೆಯ ಹಿರಿಯ ತಾಯಿಯವರು ಮೊಮ್ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ರಾಶಿಯಲ್ಲಿ ಬೀಜಕ್ಕೆಂದು ಕಾಯಿ ಆರಿಸುವ ಬಗೆಯನ್ನು ತೋರಿಸಿದರು. ಆರೋಗ್ಯವಂತ ಗಿಡದ್ದಾಗಿರಬೇಕು, ಬಣ್ಣ ಒಂದೇ ಸಮನಾಗಿರಬೇಕು, ಕಲೆ ಇರಬಾರದು. “ಮಾರೂದಕ್ಕ ಛಲೋವು ಆರಿಸ್ತಾರ ಎಲ್ಲಾರೂ. ಬೀಜಕ್ಕ ಅದಕ್ಕಿಂತ ಛಲೋವು ಇಡಬೇಕವ್ವ” ಎಂದರು ಆ ತಾಯಿ. ಆ ಒಂದು ಮಾತಿನಲ್ಲಿ ಗೃಹಸ್ಥಧರ್ಮದ ಒಂದು ಅಧ್ಯಾಯವೇ ಅಡಗಿದೆ.

ರಾಣೇಬೆನ್ನೂರಿನ ಮಗುವಿಗೆ ಬೀಜದ ಮಾತು ಹೊಸದಲ್ಲ. ಆ ತಾಲೂಕಿನ ಹಳ್ಳಿಗಳು ಸಂಕರ ಬೀಜೋತ್ಪಾದನೆಗೆ ಹೆಸರಾದವು. ಟೊಮೆಟೊ, ಮೆಣಸು, ಬೆಂಡೆಗಳ ಮೊಗ್ಗುಗಳನ್ನು ಬಿಡಿಸಿ ಕೇಸರಗಳನ್ನು ತೆಗೆದು, ಬೇರೆ ತಳಿಯ ಪರಾಗವನ್ನು ಕೈಯಿಂದಲೇ ಮುಟ್ಟಿಸುವ ಸೂಕ್ಷ್ಮ ಕೆಲಸವನ್ನು ಅಲ್ಲಿಯ ಹೆಣ್ಣುಮಕ್ಕಳು ಮಾಡುತ್ತಾರೆ. ಆದರೆ ಸಂಕರ ಬೀಜದಿಂದ ಬೆಳೆದ ಗಿಡದ ಬೀಜವನ್ನು ಮತ್ತೆ ಬಿತ್ತಿದರೆ ತಾಯಿಯ ಗುಣ ಪೂರ್ಣವಾಗಿ ಬರುವುದಿಲ್ಲ. ಪ್ರತಿ ವರ್ಷ ಕೊಳ್ಳಲೇಬೇಕು. ನಾಟಿ ಡಬ್ಬಿಯ ಬೀಜವನ್ನಾದರೋ ಮನೆಯಲ್ಲೇ ಇಟ್ಟುಕೊಳ್ಳಬಹುದು. ಇಳುವರಿ ಹೆಚ್ಚೆಂದು ರೈತರು ಸಂಕರ ತಳಿಗಳ ಕಡೆಗೆ ಹೋಗಿರುವುದಕ್ಕೆ ಕಾರಣವಿದೆ. ಹೊಟ್ಟೆಪಾಡಿನ ಲೆಕ್ಕವನ್ನು ನಾವು ಕುಳಿತಲ್ಲಿಂದ ಟೀಕಿಸಬಾರದು. ಆದರೆ ಮನೆಯ ಹಿತ್ತಲಿಗೆ ಇಳುವರಿಯ ಚಿಂತೆ ಇಲ್ಲವಲ್ಲ. ಹತ್ತು ಗಿಡ ನಾಟಿ ಮೆಣಸನ್ನು ಉಳಿಸಿಕೊಳ್ಳುವ ಶಕ್ತಿ ಹಿತ್ತಲಿಗಿದೆ. ಮೊಮ್ಮಗಳು ಒಂದು ಹಿಡಿ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಬಂದಳು. ಮಳೆಗಾಲದ ಹೊಸ್ತಿಲಲ್ಲಿ ಸಸಿಮಡಿ ಮಾಡಿ, ಆರು ವಾರದ ಸಸಿಯನ್ನು ನಾಟಿ ಮಾಡಬೇಕೆಂದು ಪೊಟ್ಟಣದ ಮೇಲೆ ಬರೆದುಕೊಂಡಳು.

ಏಪ್ರಿಲ್ ಕೊನೆಯ ವಾರದಲ್ಲಿ ಕರಿಬೇವಿನ ಎಳೆಯ ಸಸಿಗೆ ಹುಳು ಬಿತ್ತು. ಮೊದಲು ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪಾಗಿದ್ದ ಹುಳು ಬರಬರುತ್ತ ದಷ್ಟಪುಷ್ಟವಾಗಿ ಎಲೆಯಷ್ಟೇ ಹಸಿರಾಯಿತು. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಬಣ್ಣದ ಕೊಂಬನ್ನು ಚಾಚಿ ಘಾಟು ವಾಸನೆ ಬಿಡುತ್ತಿತ್ತು. ಪಕ್ಕದ ಮನೆಯವರು ಔಷಧ ಹೊಡೆಯಲು ಹೇಳಿದರು. ಲಿಂಬೆ, ಕರಿಬೇವು, ಬಿಲ್ವ ಇವೆಲ್ಲ ಒಂದೇ ಕುಲದ ಗಿಡಗಳು. ಇವುಗಳ ಎಲೆಯನ್ನೇ ನಂಬಿ ಬದುಕುವ ಪಾತರಗಿತ್ತಿಯ ಮರಿ ಅದು. ಮಗು ನಡುವೆ ನಿಂತು, “ಅದರ ಊಟ ಅದು ಉಣ್ಣಾಕತ್ತೈತಿ” ಎಂದಿತು. ದಯೆಗೆ ಧರ್ಮದಲ್ಲಿ ಮೊದಲ ಸ್ಥಾನ ಕೊಟ್ಟ ಶರಣರ ಹೆಸರು ಹೇಳಿ ಉಪನ್ಯಾಸ ಮಾಡುವ ನನಗೆ ಬೇರೆ ಮಾತು ಉಳಿದಿರಲಿಲ್ಲ. ಎಳೆಯ ಸಸಿಯಿಂದ ನಾಲ್ಕು ಹುಳುಗಳನ್ನು ಎಲೆಸಮೇತ ಎತ್ತಿ, ದೊಡ್ಡ ಲಿಂಬೆಯ ಗಿಡಕ್ಕೆ ವರ್ಗಾಯಿಸಿದೆವು. ದೊಡ್ಡ ಗಿಡಕ್ಕೆ ಆ ನಷ್ಟವನ್ನು ತಾಳಿಕೊಳ್ಳುವ ಶಕ್ತಿ ಉಂಟು. ಕೆಲವು ದಿನಗಳ ಅನಂತರ ಅವುಗಳಲ್ಲಿ ಒಂದು ಕೋಶ ಕಟ್ಟಿಕೊಂಡುದು ಕಣ್ಣಿಗೆ ಬಿತ್ತು. ವಾರ ಕಳೆದ ಮೇಲೆ ಒಂದು ಮುಂಜಾನೆ, ಕಪ್ಪು ರೆಕ್ಕೆಗಳ ಮೇಲೆ ಹಳದಿಯ ಚುಕ್ಕೆಗಳನ್ನು ಹೊತ್ತ ಪಾತರಗಿತ್ತಿ ಅದರಿಂದ ಹೊರಬಂದು ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಆ ಮುಂಜಾನೆ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡಲಿಲ್ಲ.

ಬಿಲ್ವದ ಬೀಜ ಹಾಕಿದ ದಿನವನ್ನು ಮಾತ್ರ ನಾನು ಮರೆಯಲಾರೆ. ಹಣ್ಣಾಗಿ ಬಿದ್ದಿದ್ದ ಬಿಲ್ವದ ಕಾಯೊಂದನ್ನು ಕಲ್ಲಿಗೆ ಕುಟ್ಟಿ ಒಡೆದೆವು. ಬೀಜಗಳು ಅಂಟಿನಲ್ಲಿ ಹುದುಗಿರುತ್ತವೆ. ಬೂದಿ ಹಚ್ಚಿ ತಿಕ್ಕಿ ತೊಳೆದು, ನೆರಳಲ್ಲಿ ಆರಿಸಿ, ಮಣ್ಣು, ಉಸುಕು, ಗೊಬ್ಬರ ತುಂಬಿದ ಹನ್ನೆರಡು ಚೀಲಗಳಲ್ಲಿ ಒಂದೊಂದನ್ನು ಇಟ್ಟೆವು. ಬಿಲ್ವದ ಬೀಜ ಬಹುಕಾಲ ಬಾಳುವುದಿಲ್ಲ. ತಾಜಾ ಇರುವಾಗಲೇ ಬಿತ್ತಬೇಕು. ಮೇಲೆ ಮಣ್ಣು ಮುಚ್ಚುತ್ತಿದ್ದ ಮೊಮ್ಮಗಳ ಕೈ ತಟ್ಟನೆ ನಿಂತಿತು.

“ಅಜ್ಜಾ, ಅಜ್ಜೀನೂ ಹಿಂಗ ಮಣ್ಣಾಗ ಇಟ್ರಲ್ಲ. ಎಲ್ಲಾರೂ ಪತ್ರಿ ಹಾಕಿದ್ರಿ. ಆಕಿ ಮತ್ತ ಬರ್ತಾಳೇನು?”

ಕ್ರಿಯಾಸಮಾಧಿಯ ದಿನ ಅವಳು ತಾಯಿಯ ಸೆರಗು ಹಿಡಿದು ಎಲ್ಲವನ್ನೂ ನೋಡಿದ್ದಳು. ವಿಭೂತಿ, ಪತ್ರೆ, ಕೊನೆಯ ಹಿಡಿಮಣ್ಣು ಎಲ್ಲವೂ ಅವಳ ಮನಸ್ಸಿನಲ್ಲಿ ಉಳಿದಿದ್ದವು. ಆರು ತಿಂಗಳು ಯಾರನ್ನೂ ಕೇಳದೆ ಹೊತ್ತುಕೊಂಡಿದ್ದ ಪ್ರಶ್ನೆ ಬೀಜವನ್ನು ಕಂಡೊಡನೆ ಹೊರಬಿದ್ದಿತು.

ಷಟ್‌ಸ್ಥಲದ ಕೊನೆಯ ನಿಲುವಾದ ಐಕ್ಯವನ್ನು ಕುರಿತು ನಾನು ಎಷ್ಟೋ ವೇದಿಕೆಗಳಲ್ಲಿ ಮಾತನಾಡಿದ್ದೇನೆ. ಹುರಿದ ಬೀಜದ ಹೋಲಿಕೆ ನಮ್ಮ ಶಾಸ್ತ್ರಜ್ಞರಿಗೆಲ್ಲ ಪರಿಚಿತವಾದದ್ದು: ಜ್ಞಾನಾಗ್ನಿಯಲ್ಲಿ ಬೆಂದ ಕರ್ಮಬೀಜ ಮತ್ತೆ ಮೊಳೆಯದು. ಆದರೆ ಕೈಯಲ್ಲಿ ಹಸಿಬೀಜ ಹಿಡಿದು ಕುಳಿತ ಮಗುವಿಗೆ ಹುರಿದ ಬೀಜದ ಮಾತು ಹೇಳಲು ನಾಲಿಗೆ ಏಳಲಿಲ್ಲ. ಸುಳ್ಳು ಹೇಳಿ ಸಮಾಧಾನಪಡಿಸುವುದೂ ಸಲ್ಲದು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದೆ: “ಬೀಜಕ್ಕ ಮಾಡೂ ಕೆಲಸ ಇನ್ನೂ ಬಾಕಿ ಇರ್ತೈತಿ ತಂಗಿ, ಅದಕ್ಕ ಅದು ಮತ್ತ ಬರ್ತೈತಿ. ನಿನ್ನ ಅಜ್ಜಿ ಕೆಲಸ ಎಲ್ಲಾ ಮುಗದಿತ್ತು. ಆಕಿ ಲಿಂಗದಾಗ ಕೂಡಿದ್ಲು. ಮತ್ತ ಬರೂದಿಲ್ಲ.”

ಅವಳು ಚಪ್ಪರದ ಕಡೆಗೆ ನೋಡಿದಳು. ಸಂಜೆಯ ಮೊಗ್ಗುಗಳು ಅರಳುವ ಹೊತ್ತಾಗಿತ್ತು. “ಎಲ್ಲಾ ಎಲ್ಲಿ ಮುಗದೈತಿ ಅಜ್ಜಾ? ಮಲ್ಲಿಗಿಗೆ ನೀರ ಹಾಕೂದು ಇನ್ನೂ ಐತಲ್ಲ” ಎಂದಳು. ಎದ್ದು ತಂಬಿಗೆ ತರಲು ಒಳಗೆ ಹೋದಳು.

ಮಗುವಿನ ಆ ಮಾತಿಗೆ ನನ್ನಲ್ಲಿ ಪ್ರತ್ಯುತ್ತರವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಜೀವವು ಲಿಂಗದಲ್ಲಿ ಒಂದಾಗುವುದು ಒಂದು ಸತ್ಯ. ಮಾಡಿಟ್ಟ ಕಾಯಕ ಇನ್ನೊಬ್ಬರ ಕೈಗೆ ಸಲ್ಲುವುದು ಇನ್ನೊಂದು ಸತ್ಯ. ಮೊದಲನೆಯದನ್ನು ನಾನು ಅವಳಿಗೆ ಹೇಳಿದೆ. ಎರಡನೆಯದನ್ನು ಅವಳು ನನಗೆ ತೋರಿದಳು. ಆ ಸಂಜೆ ನಾವಿಬ್ಬರೂ ಬಹಳ ದಿನಗಳ ಮೇಲೆ ಅಜ್ಜಿಯ ವಿಷಯವನ್ನು ಧಾರಾಳವಾಗಿ ಮಾತನಾಡಿದೆವು. ಆಕೆ ಮೊಗ್ಗು ಕಟ್ಟುವಾಗ ದಾರವನ್ನು ಕಾಲ್ಬೆರಳಿಗೆ ಸುತ್ತಿಕೊಳ್ಳುತ್ತಿದ್ದುದು, ತುಂಬೆಯ ಹೂವನ್ನು ಮಕ್ಕಳಿಗೆ ಎಣಿಸಲು ಕೊಟ್ಟು ಲೆಕ್ಕ ಕಲಿಸುತ್ತಿದ್ದುದು ಎಲ್ಲವೂ ಬಂದವು. ಮನೆಯ ಮೌನ ಅಂದು ಸಡಿಲಿತು.

ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ತೋಟಿಗ ಗೊಗ್ಗಯ್ಯನನ್ನು ಕಾಣುವ ಪ್ರಸಂಗವೊಂದಿದೆ. ಗೊಗ್ಗಯ್ಯ ತೋಟದ ಕೆಲಸದಲ್ಲಿ ಮಗ್ನನಾಗಿರುತ್ತಾನೆ. ಪ್ರಭುಗಳು ಹೊರಗಿನ ಬೇಸಾಯದ ಮಾತನ್ನೇ ಹಿಡಿದು ಅವನ ದೃಷ್ಟಿಯನ್ನು ಒಳಗಿನ ಬೇಸಾಯದ ಕಡೆಗೆ ತಿರುಗಿಸುತ್ತಾರೆ. ಹೊರಗಿನ ತೋಟ ನಿಷ್ಪ್ರಯೋಜಕವೆಂಬ ಅರ್ಥವನ್ನು ಕೆಲವರು ಇದರಿಂದ ತೆಗೆಯುವುದುಂಟು. ನನಗೆ ಹಾಗೆ ತೋರುವುದಿಲ್ಲ. ಗುದ್ದಲಿ ಹಿಡಿದು ಬೆವರಿದವನಿಗೆ ಮಾತ್ರ ಆ ಉಪದೇಶದ ಒಂದೊಂದು ಪದವೂ ಅರ್ಥವಾಗುತ್ತದೆ. ಮಣ್ಣನ್ನೇ ಮುಟ್ಟದವನಿಗೆ ಒಳತೋಟದ ಉಪಮೆಯನ್ನು ಹೇಗೆ ತಿಳಿಸುವುದು? ನಮ್ಮ ಜಿಲ್ಲೆಯ ಚೌಡದಾನಪುರದಲ್ಲಿ ತುಂಗಭದ್ರೆಯ ದಡದಲ್ಲಿ ದೋಣಿ ನಡೆಸಿದ ಅಂಬಿಗರ ಚೌಡಯ್ಯನವರಾಗಲಿ, ಹೊಲ ಉತ್ತ ಒಕ್ಕಲಿಗ ಮುದ್ದಣ್ಣನವರಾಗಲಿ ಅನುಭಾವವನ್ನು ನುಡಿದದ್ದು ತಮ್ಮ ಕೈಕೆಲಸದ ಭಾಷೆಯಲ್ಲೇ. ಇಂದಿನ ಮಕ್ಕಳ ಕೈಗೆ ಕೆಲಸವಿಲ್ಲದೆ ಹೋದರೆ ನಾಳೆ ಶರಣರ ಮಾತು ಅವರಿಗೆ ಪರಭಾಷೆಯಾದೀತು.

ಆ ವರ್ಷದ ಬಸವ ಜಯಂತಿ ಮೇ 10ರಂದು ಬಂದಿತು. ಅಷ್ಟರಲ್ಲಿ ಬರಿದಾಗಿದ್ದ ಬಿಲ್ವದ ತುಂಬ ಕೆಂಪುಹಸಿರಿನ ತ್ರಿದಳಗಳು ಮೂಡಿದ್ದವು. ಹನ್ನೆರಡು ಚೀಲಗಳಲ್ಲಿ ಐದರಲ್ಲಿ ಮೊಳಕೆ ಕಂಡಿತು. ಉಳಿದ ಏಳಕ್ಕಾಗಿ ಮೊಮ್ಮಗಳು ಒಂದು ದಿನ ಸಪ್ಪಗಿದ್ದಳು. ಮರುದಿನ ಆ ಚೀಲಗಳ ಮಣ್ಣಿನಲ್ಲಿ ಕೊತ್ತಂಬರಿ ಬಿತ್ತಿದಳು. ಮೇ ಮಧ್ಯದಲ್ಲಿ ಗುಡುಗು ಸಹಿತ ಮಳೆ ಬಿದ್ದು ನೆಲ ತಣಿದ ಮೇಲೆ ಐದು ಸಸಿಗಳ ಹಂಚಿಕೆಯಾಯಿತು. ಒಂದು ಕೇರಿಯ ಗುಡಿಗೆ, ಒಂದು ಪಕ್ಕದ ಮನೆಗೆ, ಒಂದು ಬ್ಯಾಡಗಿಯ ತಾಯಿಗೆ, ಒಂದು ಅಜ್ಜಿಯ ಸಮಾಧಿಯ ಬಳಿಗೆ. ಐದನೆಯದನ್ನು ಅವಳೇ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ರಾಣೇಬೆನ್ನೂರಿಗೆ ಒಯ್ದಳು. ಬೀಜದಿಂದ ಬೆಳೆದ ಬಿಲ್ವ ಕಾಯಿ ಬಿಡಲು ಎಂಟು ಹತ್ತು ವರ್ಷ ಬೇಕು. ಆ ಹೊತ್ತಿಗೆ ಅವಳು ಕಾಲೇಜಿನ ಹೊಸ್ತಿಲು ತುಳಿದಿರುತ್ತಾಳೆ. ಆ ಕಾಯಿಯನ್ನು ನಾನು ಕಾಣುವೆನೋ ಇಲ್ಲವೋ ಶಿವನಿಚ್ಛೆ. ಬೀಜಕ್ಕೆ ಬೂದಿ ಹಚ್ಚಿ ತೊಳೆಯಬೇಕೆಂಬುದು ಅವಳಿಗೆ ಗೊತ್ತಿದೆ, ಅಷ್ಟು ಸಾಕು.

ಶರಣ ಬಂಧುಗಳಲ್ಲಿ ನನ್ನದೊಂದು ವಿನಂತಿ. ಈ ಚೈತ್ರ ವೈಶಾಖಗಳಲ್ಲಿ ರಜೆಗೆ ಬರುವ ಮಕ್ಕಳಿಗೆ ಹಿತ್ತಲಿನ ಒಂದು ಮೂಲೆಯನ್ನು, ಹಿತ್ತಲಿಲ್ಲದಿದ್ದರೆ ಮಾಳಿಗೆಯ ಮೇಲೆ ನಾಲ್ಕು ಕುಂಡಗಳನ್ನು, ಅವರದೆಂದೇ ಹೇಳಿ ಒಪ್ಪಿಸಿರಿ. ತುಂಬೆ ಇರಲಿ, ಮಲ್ಲಿಗೆ ಇರಲಿ, ಹತ್ತು ಮೆಣಸಿನ ಸಸಿ ಇರಲಿ. ಇಷ್ಟಲಿಂಗ ಪೂಜೆಗೆ ಅವರ ಕೈಯಿಂದ ಬೆಳೆದ ಒಂದು ಎಸಳಾದರೂ ಬರಲಿ. ನೀರಿನ ಲೆಕ್ಕವನ್ನು ಅವರಿಗೇ ಬಿಡಿರಿ. ಮೊಳೆಯದ ಬೀಜಕ್ಕಾಗಿ ಅವರು ನೊಂದರೆ ಕೂಡಲೇ ಬೇರೊಂದು ಸಸಿ ಕೊಂಡು ತಂದು ನೋವನ್ನು ಮುಚ್ಚಬೇಡಿರಿ. ಮಣ್ಣಿನಲ್ಲಿ ಕೈಯಿಟ್ಟ ಮಗು ಏನಾದರೂ ಕೇಳಿಯೇ ಕೇಳುತ್ತದೆ. ಆಗ ಕೈಕೆಲಸ ನಿಲ್ಲಿಸಿ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಅಜ್ಜ ಅಜ್ಜಿಯರಾದ ನಮಗೆ ಇದಕ್ಕಿಂತ ದೊಡ್ಡ ಕಾಯಕ ಈ ವಯಸ್ಸಿನಲ್ಲಿ ಬೇರೆ ಯಾವುದಿದೆ?